ಸಂಬಂಧಿಕರು: ಯಾರೂ ಇಲ್ಲ

ನಮ್ಮ ಸಂಘದ ವಾರ್ಷಿಕ ಫಾರಂನಲ್ಲಿ ಹದಿನಾಲ್ಕನೇ ಪ್ರಶ್ನೆ ಹೀಗಿದೆ: ‘ಸಂಘದ ಸದಸ್ಯರಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ?’ ಒಂಬತ್ತು ವರ್ಷ ನಾನು ಅದರ ಮುಂದೆ ‘ಯಾರೂ ಇಲ್ಲ’ ಎಂದು ಬರೆದೆ. ಅಕ್ಷರ ಕಾಗದದ ಹಿಂಬದಿಗೂ ಮೂಡುವ ಹಾಗೆ ಒತ್ತಿ ಬರೆದೆ. ನನ್ನ ಒಡಹುಟ್ಟಿದ ತಂಗಿಯ ಹೊಲ ನನ್ನ ಹೊಲಕ್ಕೆ ಅಂಟಿಕೊಂಡೇ ಇದೆ, ನಡುವೆ ಒಂದು ತಂತಿ ಬೇಲಿ. ಅವಳೂ ಇದೇ ಸಂಘದ ಸದಸ್ಯೆ. ಅವಳೂ ತನ್ನ ಫಾರಂನಲ್ಲಿ ‘ಯಾರೂ ಇಲ್ಲ’ ಎಂದೇ ಬರೆಯುತ್ತಿದ್ದಳು. ಅದೊಂದು ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೂ ಒಮ್ಮತ.

ಸಂಘ ಎಂದರೆ ನಲವತ್ತೊಂದು ಮನೆ, ಒಂದು ಟ್ಯಾಂಕರು, ಒಂದು ಬೆಣ್ಣೆ ಕೋಣೆ, ಚೀಸ್ ಇಡುವ ತಣ್ಣನೆಯ ನೆಲಮಾಳಿಗೆ. ನಮ್ಮ ಹುಲ್ಲಿಗೆ ಅಂಗಡಿ ಗೊಬ್ಬರದ ಚೀಲ ಬಿಚ್ಚುವುದಿಲ್ಲ, ನಮ್ಮ ಹಸುಗಳಿಗೆ ಹಾಲು ಹೆಚ್ಚಿಸುವ ಮದ್ದು ಇಲ್ಲ. ನಲವತ್ತೊಂದು ಕೊಟ್ಟಿಗೆಯ ಹಾಲೂ ಒಂದೇ ತೊಟ್ಟಿಗೆ ಬೀಳುತ್ತದೆ. ಮೊಟ್ಟೆಯೋ ಜೇನೋ ಆದರೆ ಡಬ್ಬದ ಮೇಲೆ ಯಾರ ಮನೆಯದೆಂದು ಬರೆಯಬಹುದು, ಬೆಣ್ಣೆಯ ಮೇಲೆ ಹೇಗೆ ಬರೆಯುವುದು? ಒಬ್ಬಳು ಎಡವಟ್ಟು ಮಾಡಿದರೆ ನಲವತ್ತು ಮನೆಯ ಬೆಣ್ಣೆ ಚರಂಡಿಗೆ. ಹಾಗಾಗಿ ನಾವು ಒಬ್ಬರನ್ನೊಬ್ಬರು ಕಾಯುತ್ತೇವೆ. ಸಾವಯವ ಸರ್ಟಿಫಿಕೇಟ್ ಕೊಡುವವರು ಹೊರಗಿನಿಂದ ವರ್ಷಕ್ಕೊಮ್ಮೆ ಬಂದು ಹೋಗುತ್ತಾರೆ ನಿಜ, ಆದರೆ ಅವರಿಗೆ ಹಸುವಿನ ಬಾಲ ಯಾವ ಕಡೆ ಎಂದು ನಾವೇ ತೋರಿಸಿಕೊಡಬೇಕು. ನಿಜವಾದ ತಪಾಸಣೆ ನಮ್ಮದೇ. ಸದಸ್ಯರು ಸದಸ್ಯರನ್ನು ನೋಡುವುದು, ಯಾರು ಯಾರನ್ನು ಎಂಬುದಕ್ಕೆ ಚೀಟಿ ಎತ್ತುವುದು.

ಚಳಿ ಕಳೆದು ಹೊಸ ಹುಲ್ಲು ಬರುವ ಹೊತ್ತಿಗೆ ಬೆಣ್ಣೆ ಕೋಣೆಯ ಮೇಲಿನ ಹಾಲ್‌ನಲ್ಲಿ ಎಲ್ಲರೂ ಸೇರುತ್ತೇವೆ. ಕೆಳಗೆ ಕೂಲರ್ ಯಂತ್ರ ಗುಂಯ್ ಎನ್ನುತ್ತಿರುತ್ತದೆ, ಅದಕ್ಕೆ ಎಲ್ಲರೂ ಸ್ವಲ್ಪ ಕೂಗಿ ಮಾತಾಡಬೇಕು. ನನಗೇನೂ ಕಷ್ಟವಿಲ್ಲ, ನನ್ನದು ಹುಟ್ಟಾ ದೊಡ್ಡ ಗಂಟಲು. ಅಧ್ಯಕ್ಷರು ಮೊದಲು ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರು, ಈಗ ಎಂಟು ಹಸು ಕಟ್ಟಿದ್ದಾರೆ. ಮೇಷ್ಟ್ರು ಎಂದೇ ಎಲ್ಲರೂ ಕರೆಯುವುದು. ಆ ವರ್ಷ ಅವರು ಬೆಣ್ಣೆಯ ಖಾಲಿ ಡಬ್ಬದಲ್ಲಿ ಚೀಟಿಗಳನ್ನು ಕುಲುಕಿ ನನ್ನ ಮುಂದೆ ಹಿಡಿದರು. ಎತ್ತಿದೆ, ಬಿಡಿಸಿದೆ, ಏಳು ಎಂದಿತ್ತು.

ಏಳು ನನ್ನ ತಂಗಿಯ ಸದಸ್ಯತ್ವದ ನಂಬರು. ಹಾಲ್‌ನಲ್ಲಿ ಯಾರೋ ಕೆಮ್ಮಿದರು, ಯಾರೋ ನಗು ತಡೆದುಕೊಂಡರು. ಅಲ್ಲಿದ್ದ ಒಬ್ಬೊಬ್ಬರಿಗೂ ನಾವು ಅಕ್ಕತಂಗಿಯರು ಎಂದು ಗೊತ್ತು. ಆದರೆ ಎರಡು ನಾಲಿಗೆಗಳ ನಡುವೆ ತಲೆ ತೂರಿಸುವಷ್ಟು ಧೈರ್ಯ ಯಾರಿಗಿದೆ? ಮೇಷ್ಟ್ರು ಫೈಲು ತೆಗೆದು ನೋಡಿದರು.

“ಸಂಬಂಧಿಕರು ಸಂಬಂಧಿಕರ ಕೊಟ್ಟಿಗೆ ನೋಡೋ ಹಾಗಿಲ್ಲ. ಇಬ್ಬರ ಫಾರಂನಲ್ಲೂ ಯಾರೂ ಇಲ್ಲ ಅಂತಿದೆ. ನನಗೆ ಕಾಗದದಲ್ಲಿ ಇರೋದಷ್ಟೇ ಗೊತ್ತು. ತಕರಾರು ಇದ್ರೆ ಈಗಲೇ ಹೇಳಿ.”

ಮೂರು ಸಾಲು ಮುಂದೆ ಕೂತಿದ್ದ ತಂಗಿ ಹಿಂದೆ ತಿರುಗಲೂ ಇಲ್ಲ. “ನಂದೇನೂ ಇಲ್ಲ” ಎಂದಳು.

“ನಂದೂ ಇಲ್ಲ” ಎಂದೆ. ನನಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಒಂಬತ್ತು ವರ್ಷದ ಮೇಲೆ ಅವಳ ಮನೆಯ ಬಾಗಿಲು, ಕಪಾಟು, ಅಟ್ಟ ಎಲ್ಲವನ್ನೂ ತೆಗೆದು ನೋಡುವ ಹಕ್ಕು ನನ್ನ ಕೈಗೆ ಬಂದಿತ್ತು.

ಜಗಳ ಏತಕ್ಕೆ ಎಂದು ಕೇಳುತ್ತೀರಿ. ಒಂದು ಕರುವಿಗೆ. ಅಪ್ಪ ಈ ಸಂಘ ಕಟ್ಟಿದ ಮೊದಲ ಹತ್ತು ಜನರಲ್ಲಿ ಒಬ್ಬ, ಏಳು ಅವನ ನಂಬರು. ಅವನು ಹೊಲ ಪಾಲು ಮಾಡಿದಾಗ ಹಳೆಯ ಮನೆ, ಕೊಟ್ಟಿಗೆ, ಏಳನೇ ನಂಬರು ಎಲ್ಲ ಕಿರಿಯವಳಿಗೆ ಹೋಯಿತು. ನನಗೆ ಬಯಲು ಭೂಮಿ ಬಂತು, ಕೊಟ್ಟಿಗೆ ನಾವೇ ಕಟ್ಟಿಕೊಂಡೆವು, ನಂಬರು ಕೊನೆಯದು, ನಲವತ್ತೊಂದು. ಅದನ್ನೂ ನುಂಗಿಕೊಂಡೆ. ಹಸುಗಳನ್ನು ಒಂದು ನಿನಗೆ ಒಂದು ಅವಳಿಗೆ ಎಂದು ಹಂಚುವಾಗ ಕಡೆಗೆ ಎರಡು ವರ್ಷದ ಒಂದು ಕಡಸು ಉಳಿಯಿತು. ಅದು ಅಡ್ಡ ಸಿಕ್ಕಿಕೊಂಡು ಹುಟ್ಟುವಾಗ ಮೊಣಕೈವರೆಗೆ ಕೈ ಹಾಕಿ ಎಳೆದವಳು ನಾನು. ತಾಯಿ ಹತ್ತಿರ ಸೇರಿಸದೆ ಹೋದಾಗ ಬಾಟಲಿ ಹಿಡಿದು ಸಾಕಿದವಳೂ ನಾನು. ಎಲ್ಲ ಹಸು ಒಳಗೆ ಬಂದ ಮೇಲೆ ತಾನು ಬರುತ್ತಿತ್ತು, ಅದಕ್ಕೆ ‘ಸೋಮಾರಿ’ ಎಂದು ಕರೆದವಳೂ ನಾನೇ. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಸೋಮಾರಿಯನ್ನು ಅವಳ ಕಡೆ ಕಟ್ಟಿಹಾಕಿದ್ದಳು.

ನಾನು ಬೇಲಿಯ ಬಳಿ ನಿಂತು, ಕೆಲಸದವರೆಲ್ಲ ನೋಡುತ್ತಿದ್ದ ಹಾಗೆ, ಕಳ್ಳಿ ಎಂದು ಕೂಗಿದೆ. ಅವಳು ಹಗ್ಗ ಕೈಯಲ್ಲಿ ಹಿಡಿದೇ ತಿರುಗಿದಳು. “ಹೊಟ್ಟೇಲಿ ಒಂದು ಹೊತ್ತಿದ್ರೆ ಇನ್ನೊಬ್ಬರ ಕರುವಿಗೆ ಹೀಗೆ ಸಾಯ್ತಿರಲಿಲ್ಲ ನೀನು” ಎಂದಳು. ನನಗೆ ಮಕ್ಕಳಿಲ್ಲ. ಹನ್ನೆರಡು ವರ್ಷ ಎಷ್ಟು ಡಾಕ್ಟರುಗಳ ಬಾಗಿಲಲ್ಲಿ ಕೂತಿದ್ದೇನೆ ಎಂದು ಲೋಕದಲ್ಲಿ ಗಂಡನನ್ನು ಬಿಟ್ಟರೆ ಅವಳೊಬ್ಬಳಿಗೇ ಗೊತ್ತಿತ್ತು. ಎಷ್ಟೋ ಸಲ ಜೊತೆಗೆ ಬಂದವಳೇ ಅವಳು. ಆ ದಿನದಿಂದ ಮಾತಿಲ್ಲ. ಅಪ್ಪ ಸತ್ತಾಗ ಆಚೆಗೊಬ್ಬಳು ಈಚೆಗೊಬ್ಬಳು ನಿಂತೆವು. ಅವಳ ಗಂಡ ಟ್ರ್ಯಾಕ್ಟರ್ ಮಗುಚಿ ಸತ್ತಾಗ ಹೋದೆ, ಕೊನೆಯ ಸಾಲಿನಲ್ಲಿ ನಿಂತೆ, ಬಂದೆ.

ತಪಾಸಣೆಗೆ ಹೋದ ದಿನ ಬೂಟುಗಳನ್ನು ಸೋಪು ಹಾಕಿ ತೊಳೆದು, ಬಿಳಿ ಕೋಟು ಹಾಕಿ, ಕ್ಲಿಪ್ ಬೋರ್ಡು ಎದೆಗೆ ಅವಚಿಕೊಂಡು ಹೊರಟೆ. “ನೀನು ಹೋಗ್ತಿರೋದು ಕೊಟ್ಟಿಗೆ ನೋಡೋಕೋ, ಕತ್ತು ಹಿಸುಕೋಕೋ?” ಎಂದರು ನಮ್ಮ ಮನೆಯವರು. ಬೆಣ್ಣೆ ಕೋಣೆಯಲ್ಲಿ ಕೆಲಸ ಅವರಿಗೆ. ಮಾತು ಕಡಮೆ, ಆಡಿದರೆ ಇಂಥದೇ.

ಬಾಗಿಲು ತೆಗೆದದ್ದು ತಂಗಿಯ ಮಗಳು. ಅವಳೂ ಬೆಣ್ಣೆ ಕೋಣೆಯಲ್ಲೇ ಪೊಟ್ಟಣ ಕಟ್ಟುವ ಹುಡುಗಿ. “ದೊಡ್ಡಮ್ಮ, ಒಳಗೆ ಬನ್ನಿ” ಎಂದಳು.

“ತಪಾಸಣೆಯವರು ಅನ್ನು” ಎಂದು ಒಳಗಿನಿಂದ ದನಿ ಬಂತು. “ನಮಗೆ ಯಾವ ದೊಡ್ಡಮ್ಮನೂ ಇಲ್ಲ.”

ನಾನು ಬೂಟಿನ ಮೇಲೆ ಪ್ಲಾಸ್ಟಿಕ್ ಚೀಲ ಏರಿಸಿಕೊಂಡು ಒಳಗೆ ಹೋದೆ. ಹುಟ್ಟಿ ಬೆಳೆದ ಮನೆ. ಅಡುಗೆಮನೆಯ ನೆಲದಲ್ಲಿ ನಾನು ಚಿಕ್ಕವಳಿದ್ದಾಗ ಕಬ್ಬಿಣದ ಬಾಣಲೆ ಬೀಳಿಸಿ ಒಡೆದಿದ್ದ ಕಲ್ಲು ಹಾಗೇ ಇತ್ತು. ಅದರ ಮೇಲೆ ಕಾಲಿಡದೆ ದಾಟಿದೆ.

ಮೂರು ಗಂಟೆ ಹುಡುಕಿದೆ. ಸುಳ್ಳು ಹೇಳುವುದಿಲ್ಲ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದೆ. ಮೇವಿನ ಚೀಲಗಳ ಚೀಟಿ ಒಂದೊಂದನ್ನೂ ಓದಿದೆ. ಬೇಲಿಯ ಪಕ್ಕದ ಹುಲ್ಲನ್ನು ಕೈಯಲ್ಲಿ ಉಜ್ಜಿ ಮೂಸಿದೆ. ಹಾಲು ತಣ್ಣಗಿಡುವ ತೊಟ್ಟಿಯ ಮುಚ್ಚಳದ ರಬ್ಬರಿನ ಸಂದಿಗೆ ಉಗುರು ಹಾಕಿ ನೋಡಿದೆ, ನನ್ನ ಉಗುರೇ ಕೊಳಕಾಗಿ ಕಂಡಿತು. ಹಾಲು ಕರೆಯುವ ಯಂತ್ರದ ಕೊಳವೆಗಳು ಕನ್ನಡಿ ಹಾಗೆ ಹೊಳೆಯುತ್ತಿದ್ದವು. ಇಪ್ಪತ್ತೆರಡು ಹಸು, ಕಿವಿಗಳಲ್ಲಿ ಇಪ್ಪತ್ತೆರಡು ನಂಬರಿನ ಓಲೆ, ಪುಸ್ತಕದಲ್ಲಿ ಇಪ್ಪತ್ತೆರಡು ನಂಬರು. ಅವಳು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕೈ ಕಟ್ಟಿಕೊಂಡು ಹಿಂದೆ ಬರುತ್ತಿದ್ದಳು. ನನ್ನ ಕೊಟ್ಟಿಗೆ ಇದರ ಅರ್ಧದಷ್ಟು ಚೊಕ್ಕಟವಿಲ್ಲ ಎಂದು ಗೊತ್ತಾಗುತ್ತ ಹೋದ ಹಾಗೆ ಕಪಾಟಿನ ಬಾಗಿಲುಗಳನ್ನು ಇನ್ನಷ್ಟು ಜೋರಾಗಿ ಬಡಿದು ಮುಚ್ಚುತ್ತ ಬಂದೆ.

ಆಗ ಹಿಂದಿನ ಕಡೆಯಿಂದ ಒಂದು ಕೂಗು ಕೇಳಿಸಿತು. ಸಣ್ಣದು, ಮೂಗಿನಿಂದ ಎಳೆದದ್ದು. ಊಟಕ್ಕೆ ಎಲ್ಲರನ್ನೂ ಕರೆದು ತನ್ನನ್ನು ಮರೆತರೇನೋ ಎಂಬಂಥ ಕೂಗು.

“ಹಿಂದೆ ಏನಿದೆ?” ಎಂದೆ.

“ಸೌದೆ.”

“ಸೌದೆ ಕೂಗುತ್ತಾ?”

ನಾನೇ ಹೋಗಿ ಸೌದೆ ಕೋಣೆಯ ಅಗುಳಿ ತೆಗೆದೆ. ಒಣ ಹುಲ್ಲಿನ ಮೇಲೆ ಸೋಮಾರಿ ನಿಂತಿತ್ತು. ಹನ್ನೊಂದು ವರ್ಷದ ಮುದುಕಿ, ಸೊಂಟದ ಮೂಳೆ ಎದ್ದು ಕಾಣುತ್ತಿತ್ತು, ಆದರೆ ಮೈ ಉಜ್ಜಿ ಉಜ್ಜಿ ನುಣುಪಾಗಿತ್ತು. ಹಿಂಗಾಲಿಗೆ ಕೆಂಪು ಪಟ್ಟಿ ಕಟ್ಟಿತ್ತು. ಕೆಂಪು ಪಟ್ಟಿ ಎಂದರೆ ಈ ಹಸುವಿಗೆ ಆಂಟಿಬಯಾಟಿಕ್ ಸೂಜಿ ಹಾಕಿಸಲಾಗಿದೆ, ಹಾಲು ತೊಟ್ಟಿಗೆ ಸೇರಿಸಬೇಡಿ ಎಂದು. ಪಕ್ಕದಲ್ಲಿ ಒಂದು ಬಕೆಟ್ಟು ಇತ್ತು, ಅದರ ಹಿಡಿಗೂ ಕೆಂಪು ಟೇಪು ಸುತ್ತಿತ್ತು. ಅಲ್ಲಿಂದ ಸಗಣಿ ಗುಂಡಿಯವರೆಗೆ ನೆಲದ ಮೇಲೆ ಒಣಗಿದ ಹಾಲಿನ ಬಿಳಿ ಗೆರೆ. ದಿನಾ ಎರಡು ಹೊತ್ತು ಕೈಯಲ್ಲಿ ಕರೆದು, ಹೊತ್ತುಕೊಂಡು ಹೋಗಿ ಗುಂಡಿಗೆ ಸುರಿಯುತ್ತಿದ್ದಾಳೆ. ಒಂದು ತೊಟ್ಟೂ ಬೇರೆ ಹಾಲಿಗೆ ಸೇರಿಲ್ಲ. ಇದನ್ನು ತಿಳಿಯಲು ನನಗೆ ಎರಡು ನಿಮಿಷವೂ ಬೇಕಾಗಲಿಲ್ಲ.

ಆದರೆ ನಿಯಮ ಬೇರೆ. ಕಾಯಿಲೆ ಬಿದ್ದ ಹಸುವಿಗೆ ಮದ್ದು ಹಾಕದೆ ನರಳಿಸುವುದು ನಮ್ಮಲ್ಲಿ ದೊಡ್ಡ ತಪ್ಪು. ಮದ್ದು ಹಾಕಿಸಬೇಕು, ಪುಸ್ತಕದಲ್ಲಿ ಬರೆಯಬೇಕು, ಆಮೇಲೆ ಮೂವತ್ತು ದಿನದೊಳಗೆ ಆ ಹಸು ಕೊಟ್ಟಿಗೆ ಬಿಟ್ಟು ಹೋಗಬೇಕು. ಹಿಂದೊಮ್ಮೆ ಯಾರೋ ಗಡಿಬಿಡಿಯಲ್ಲಿ ಅಂಥ ಹಾಲನ್ನು ಟ್ಯಾಂಕರಿಗೆ ಸುರಿದು, ಇಡೀ ಸಂಘದ ಮರ್ಯಾದೆ ಹೋಗಿ, ಆಮೇಲೆ ಮಾಡಿದ ನಿಯಮ. ಮುದಿ ಹಸು ಕೊಟ್ಟಿಗೆ ಬಿಟ್ಟು ಎಲ್ಲಿಗೆ ಹೋಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನಾನೇ ನಾಲ್ಕು ಹಸುಗಳನ್ನು ಹಾಗೆ ಲಾರಿ ಹತ್ತಿಸಿದ್ದೇನೆ.

“ಯಾವಾಗ?” ಎಂದೆ.

“ಕೆಚ್ಚಲು ಬಾವು. ನಾಲ್ಕು ತಿಂಗಳಾಯ್ತು.”

“ಪುಸ್ತಕದಲ್ಲಿ ಸೂಜಿಯೂ ಇಲ್ಲ, ಹಸುವೂ ಇಲ್ಲ.”

“ಬರೆದ್ರೆ ಕಳಿಸ್ಬೇಕು.”

“ಕಳಿಸ್ಬೇಕಿತ್ತು.”

ಅವಳು ಆಗ ನನ್ನ ಮುಖ ನೋಡಿದಳು. ಒಂಬತ್ತು ವರ್ಷದಲ್ಲಿ ಅವಳ ಗಲ್ಲ ಥೇಟ್ ಅಮ್ಮನದರ ಹಾಗೆ ಇಳಿದಿತ್ತು. “ಇದನ್ನ? ಇದನ್ನ ಕಳಿಸು ಅಂತೀಯಾ ನೀನು?” ಎಂದಳು.

ಬೋರ್ಡನ್ನು ಕಂಕುಳಿಗೆ ಸಿಕ್ಕಿಸಿದೆ. ನಾನು ಮುಂದೆ ಹೋಗಿ ಸೋಮಾರಿಯ ಮೂತಿಗೆ ಅಂಗೈ ಒಡ್ಡಿದೆ. ಬಾಟಲಿ ಹಿಡಿಯುವಾಗ ಬೆರಳನ್ನೂ ಸೇರಿಸಿ ಚೀಪುತ್ತಿತ್ತು ಅದು. ಈಗ ನನ್ನ ಕೈ ಮೂಸಿತು. ಮೂಸಿ, ಉಸಿರು ಬಿಟ್ಟು, ಮುಖ ತಿರುಗಿಸಿ ತಂಗಿಯ ಕೋಟಿನ ಜೇಬಿಗೆ ಮೂತಿ ತೂರಿಸಿತು. ಅವಳ ಜೇಬಿನಲ್ಲಿ ಕ್ಯಾರೆಟ್ ಇತ್ತು. ಅವಳು ಕೊಡುತ್ತ, ನನ್ನನ್ನು ನೋಡಿ, ತುಟಿಯ ಒಂದು ಕೊನೆಯಲ್ಲಿ ನಕ್ಕಳು. ನಕ್ಕಳೋ ಇಲ್ಲವೋ. ಆ ಹೊತ್ತು ನನಗೆ ನಕ್ಕ ಹಾಗೇ ಕಂಡಿತು.

“ಬರ್ಕೋ” ಎಂದಳು. “ನಿನಗೆ ಬೇಕಾಗಿದ್ದೂ ಇದೇ ತಾನೆ.”

ಮನೆಗೆ ಬಂದು ಊಟದ ಮೇಜಿನ ಮೇಲೆ ಕಾಗದ ಹರಡಿ ಬರೆದೆ. ಹಸುವಿನ ಓಲೆಯ ನಂಬರು, ಕೆಂಪು ಪಟ್ಟಿ, ಪುಸ್ತಕದಲ್ಲಿ ದಾಖಲೆ ಇಲ್ಲ, ನಾಲ್ಕು ತಿಂಗಳಿಂದ ಬಚ್ಚಿಟ್ಟಿದ್ದಾರೆ. ನಮ್ಮ ಮನೆಯವರು ಹಿಂದೆ ನಿಂತು ಓದಿದರು.

“ಹಾಲು ಏನ್ ಮಾಡ್ತಿದ್ಳಂತೆ?”

“ಗುಂಡಿಗೆ ಸುರೀತಿದ್ಳು. ಬೇರೆ ಬಕೆಟ್ಟು ಇಟ್ಟಿದ್ಳು.”

“ಅದನ್ನ ಬರೆದಿಲ್ಲ.”

“ಫಾರಂನಲ್ಲಿ ಅದಕ್ಕೆ ಜಾಗ ಇಲ್ಲ” ಎಂದೆ.

ಕೆಳಗೆ ಆರು ಗೆರೆ ಖಾಲಿ ಇದ್ದವು, ‘ಇತರ ವಿಷಯಗಳು’ ಎಂದು. ಅವರು ಆ ಗೆರೆಗಳ ಮೇಲೆ ಬೆರಳಿಟ್ಟರು. ನಾನು ಕಾಗದ ಮಡಿಚಿ ಲಕೋಟೆಗೆ ಹಾಕಿ, ಅಂಟು ನೆಕ್ಕಿ ಮುಚ್ಚಿದೆ. ಬಕೆಟ್ಟಿನ ವಿಷಯ ಬರೆದಿದ್ದರೆ ಅವಳಿಗೆ ಒಂದು ಎಚ್ಚರಿಕೆ, ಹಸು ಕಳಿಸಲು ಇನ್ನು ಮೂವತ್ತು ದಿನ, ಅಷ್ಟರಲ್ಲೇ ಮುಗಿಯುತ್ತಿತ್ತು. ಬರೆಯದಿದ್ದರೆ, ಹಾಲು ತೊಟ್ಟಿಗೇ ಸೇರಿರಬಹುದು ಎಂದು ಲೆಕ್ಕ, ಮೂರು ವರ್ಷ ಸಂಘದಿಂದ ಹೊರಗೆ, ನಂಬರು ರದ್ದು. ಗೊತ್ತಿದ್ದೇ ಮಾಡಿದೆ. ಇದನ್ನು ಮುಚ್ಚಿಟ್ಟು ನಿಮಗೆ ಕತೆ ಹೇಳಿ ಪ್ರಯೋಜನವಿಲ್ಲ.

ಹದಿನೈದು ದಿನದ ಮೇಲೆ ಸಭೆ. ಮಧ್ಯಾಹ್ನ ಮೂರು ಗಂಟೆ, ಹಾಲ್ ತುಂಬಿತ್ತು. ಬೇರೆಯವರ ವರದಿಗಳೆಲ್ಲ ಅಲ್ಲಿ ಒಂದು ಸೋರುವ ನಲ್ಲಿ, ಇಲ್ಲಿ ಒಂದು ಹರಿದ ಸೊಳ್ಳೆಪರದೆ. ಏಳನೇ ನಂಬರಿನ ಲಕೋಟೆ ಒಡೆದು ಮೇಷ್ಟ್ರು ಓದಿದಾಗ ಯಂತ್ರದ ಗುಂಯ್ ಒಂದೇ ಕೇಳಿಸುತ್ತಿತ್ತು.

“ಇದು ನಿಜವಾ?” ಎಂದು ಅವಳನ್ನು ಕೇಳಿದರು.

ತಂಗಿ ಎದ್ದು ನಿಂತಳು. ಮಗಳು ಅವಳ ಕೋಟಿನ ತುದಿ ಹಿಡಿದುಕೊಂಡಿದ್ದಳು. “ಹಸು ಇಟ್ಕೊಂಡಿದ್ದು ನಿಜ. ಬರೀದೇ ಇದ್ದದ್ದೂ ನಿಜ. ಆದ್ರೆ ಹಾಲು ಬೇರೆ ಬಕೆಟ್ಟಿಗೆ ಕರೆದು ಗುಂಡಿಗೆ ಹಾಕಿದ್ದೀನಿ. ಒಂದು ಹನಿ ಸೇರಿಲ್ಲ.”

“ಅದು ವರದಿಯಲ್ಲಿಲ್ಲವಲ್ಲ. ಯಾರು ನೋಡಿದಾರೆ?”

ಅವಳು ತಿರುಗಿದಳು. ಕುರ್ಚಿಗಳ ಸಾಲು ದಾಟಿ ನೇರ ನನ್ನನ್ನೇ ನೋಡಿದಳು. ಅವಳ ಕೆನ್ನೆ ಕೆಂಪಾಗಿತ್ತು. ಚಿಕ್ಕವಳಿದ್ದಾಗ ತಪ್ಪು ಮಾಡಿ ಅಪ್ಪನೆದುರು ನಿಂತು, ನಾನು ಅಡ್ಡ ಬರಲಿ ಎಂದು ಕಾಯುತ್ತ ಹೀಗೇ ನೋಡುತ್ತಿದ್ದಳು.

“ಅಕ್ಕಾ” ಎಂದಳು. “ನೀನು ನೋಡಿದ್ದೀಯಲ್ಲ. ಹೇಳೇ.”

ಒಂಬತ್ತು ವರ್ಷ. ಆ ಮಾತನ್ನು ಅವಳ ಬಾಯಿಂದ ಕೇಳಬೇಕೆಂದು ಎಷ್ಟು ಸಲ ಬೇಲಿಯ ಬಳಿ ಸುಮ್ಮಸುಮ್ಮನೆ ತಂತಿ ಬಿಗಿಯುತ್ತ ನಿಂತಿದ್ದೆ, ಯಾರಿಗೂ ಹೇಳಿಲ್ಲ. ಏಳಲು ಮುಂದಿನ ಕುರ್ಚಿಯ ಬೆನ್ನು ಹಿಡಿದೆ. ಅಷ್ಟರಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಕೆಳಗಿಟ್ಟರು. ಅವರಿಗೆ ಒಂದು ದಾರಿ ಸಿಕ್ಕಿತ್ತು, ಅವರ ಮುಖದಲ್ಲೇ ಅದು ಕಾಣುತ್ತಿತ್ತು.

“ಅಕ್ಕ ಅಂದ್ರಿ. ಇಬ್ಬರೂ ಫಾರಂನಲ್ಲಿ ಯಾರೂ ಇಲ್ಲ ಅಂತ ಬರೆದಿದೀರಿ. ಸಂಬಂಧ ಇರೋದು ನಿಜ ಆದ್ರೆ ಈ ವರದಿ ನಿಲ್ಲಲ್ಲ. ಬೇರೆಯವರು ಹೋಗಿ ನೋಡ್ತಾರೆ, ಬಕೆಟ್ಟೂ ನೋಡ್ತಾರೆ. ಸುಳ್ಳು ಬರೆದದ್ದಕ್ಕೆ ಇಬ್ಬರ ಹಾಲನ್ನೂ ಒಂದು ತಿಂಗಳು ತಗೊಳ್ಳಲ್ಲ, ಅಷ್ಟೇ.” ಅವರು ನನ್ನ ಕಡೆ ತಿರುಗಿದರು. “ಪುಸ್ತಕಕ್ಕೆ ಬರ್ಕೋಬೇಕು, ನೀವೇ ಹೇಳಿ. ಇವರು ನಿಮಗೆ ಏನಾಗಬೇಕು?”

ಒಂದು ತಿಂಗಳ ಹಾಲಿಗೆ ಹೆದರಿದೆ ಎಂದು ತಿಳಿಯಬೇಡಿ. ಒಂದು ವರ್ಷದ್ದಾದರೂ ಚೆಲ್ಲುತ್ತಿದ್ದೆ ನಾನು. ನನ್ನ ಕಣ್ಣ ಮುಂದೆ ಬಂದದ್ದು ಹಾಲಲ್ಲ. ಹಗ್ಗ ಹಿಡಿದು ತಿರುಗಿ ನಿಂತ ಅವಳು, ಅವಳ ಜೇಬಿಗೆ ಮೂತಿ ತೂರಿಸಿದ ಸೋಮಾರಿ, ತುಟಿಯ ಕೊನೆಯ ಆ ನಗು. ಈಗ ಬೇಕಾದಾಗ ಅಕ್ಕ, ಅಲ್ಲವಾ, ಎಂದು ಒಳಗೆ ಏನೋ ಭುಸುಗುಟ್ಟಿತು. ಹೊಟ್ಟೆಯಲ್ಲಿ ಹೊತ್ತು ಗೊತ್ತಿಲ್ಲದವಳು ನಾನು.

“ಏನೂ ಆಗಬೇಕಾಗಿಲ್ಲ” ಎಂದೆ. ಕಡ್ಡಿ ಮುರಿದ ಹಾಗೆ ಎಂದೆ. ನನ್ನ ದೊಡ್ಡ ಗಂಟಲು ಹಾಲ್‌ನ ಕೊನೆಯ ಗೋಡೆವರೆಗೂ ಹೋಯಿತು.

ನಮ್ಮಮ್ಮನ ಕೈಯಲ್ಲಿ ಇಬ್ಬರಿಗೂ ಒಟ್ಟಿಗೆ ಏಟು ಬಿದ್ದದ್ದನ್ನು ನೋಡಿದವರು ಅಲ್ಲೇ ಐದಾರು ಜನ ಇದ್ದರು. ಎಲ್ಲರೂ ತಮ್ಮ ಬೂಟಿನ ತುದಿ ನೋಡಿಕೊಂಡರು. ನಮ್ಮ ಮನೆಯವರು ಎದ್ದು ಹೊರಗೆ ಹೋದರು, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡರು.

ಮೇಷ್ಟ್ರು ಕನ್ನಡಕ ಮತ್ತೆ ಏರಿಸಿಕೊಂಡರು. ಆಮೇಲೆ ತಂಗಿಯನ್ನು ಕೇಳಿದರು, “ನೀವೇನಂತೀರಿ?”

ಅವಳು ನನ್ನಿಂದ ಕಣ್ಣು ತೆಗೆದಿರಲಿಲ್ಲ. ಮುಖದ ಕೆಂಪೆಲ್ಲ ಇಳಿದು ಹೋಗಿತ್ತು. “ಅವರು ಹೇಳಿದ ಮೇಲೆ ಮುಗೀತಲ್ಲ ಸಾರ್” ಎಂದಳು. “ನಾನು ತಪ್ಪಿ ಅಂದೆ. ಅವರು ನನಗೆ ಯಾರೂ ಅಲ್ಲ.”

ಹುಟ್ಟಿದಾಗಿನಿಂದ, ಜಗಳವಾಡುವಾಗಲೂ, ಅವಳು ನನ್ನನ್ನು ನೀನು ಎಂದೇ ಅಂದವಳು. ಕಳ್ಳಿ ಎಂದದ್ದಕ್ಕೆ ಅಷ್ಟು ಕೆಟ್ಟ ಮಾತು ಆಡಿದಾಗಲೂ ನೀನು ಎಂದೇ ಆಡಿದ್ದಳು. ಅವರು ಎಂದದ್ದು ಅದೇ ಮೊದಲು.

ಮೇಷ್ಟ್ರು ನಿಯಮ ಓದಿ, ಕೈ ಎತ್ತಿಸಿ, ಏಳನೇ ನಂಬರಿನ ಮೇಲೆ ಅಡ್ಡ ಗೆರೆ ಎಳೆದರು. ಅವಳು ಮಗಳ ಕೈ ಹಿಡಿದು, ಕುರ್ಚಿಗಳ ನಡುವಿನಿಂದ, ಯಾರ ಕಾಲಿಗೂ ತಾಗದ ಹಾಗೆ ಹೊರಗೆ ಹೋದಳು.

ಆ ವಾರದಿಂದ ಅವಳ ಹಾಲಿಗೆ ಬೇರೆ ಕಂಪನಿಯ ನೀಲಿ ಟ್ಯಾಂಕರು ಬರತೊಡಗಿತು. ಅದು ಎಲ್ಲರ ಹಾಲನ್ನೂ ಎತ್ತುತ್ತದೆ, ಮದ್ದು ಹೊಡೆದವರದನ್ನೂ, ಹೊಡೆಯದವರದನ್ನೂ. ಅಪ್ಪ ಕೈಯಿಂದ ಕಳೆ ಕಿತ್ತು ಉಳಿಸಿದ ಹುಲ್ಲಿನ ಹಾಲು ಅದರಲ್ಲಿ ಸೇರಿ ಹೋಗುತ್ತದೆ. ಮಗಳು ಬೆಣ್ಣೆ ಕೋಣೆಯ ಕೆಲಸ ಬಿಟ್ಟಳು. ಯಾರೂ ಬಿಡಿಸಲಿಲ್ಲ, ಅವಳೇ ಬಿಳಿ ಟೊಪ್ಪಿಗೆಯನ್ನು ಮಡಿಚಿ ಮೇಜಿನ ಮೇಲಿಟ್ಟು ಹೋದಳಂತೆ. ಹಾಗೆಂದು ನಮ್ಮ ಮನೆಯವರು ಹೇಳಿದರು. ಆ ತಿಂಗಳಲ್ಲಿ ಅವರು ನನ್ನ ಜೊತೆ ಆಡಿದ ಉದ್ದದ ಮಾತು ಅದೇ.

ಸಂಘದ ನಿಯಮ ಈಗ ಅವಳಿಗಿಲ್ಲ, ಹಾಗಾಗಿ ಸೋಮಾರಿಯನ್ನು ಎಲ್ಲಿಗೂ ಕಳಿಸಬೇಕಾಗಿಲ್ಲ. ಸೌದೆ ಕೋಣೆಯಿಂದ ಹೊರಗೆ ತಂದು ಬೇಲಿಯ ಪಕ್ಕದ ಹುಲ್ಲಿಗೇ ಬಿಡುತ್ತಾಳೆ. ಸಂಜೆ ಇಪ್ಪತ್ತೆರಡು ಹಸು ಒಳಗೆ ಹೋದ ಮೇಲೂ ಅದು ನಿಂತೇ ಇರುತ್ತದೆ. ಆಮೇಲೆ ಅವಳು ಬಂದು, ನಾನು ಇಟ್ಟ ಹೆಸರಿನಿಂದಲೇ ಕೂಗುತ್ತಾಳೆ. ನಾನು ಈಚೆ ನಿಂತಿದ್ದರೂ ಅವಳ ಕಣ್ಣು ನನ್ನ ಮೇಲೆ ಬೀಳುವುದಿಲ್ಲ. ಮೊದಲೆಲ್ಲ ಬೇಕೆಂದೇ ನೋಡುತ್ತಿರಲಿಲ್ಲ, ಅದು ನನಗೆ ಗೊತ್ತಾಗುತ್ತಿತ್ತು. ಕತ್ತು ಅಷ್ಟು ಬಿಗಿಯಾಗಿರುತ್ತಿತ್ತು. ಈಗ ಕತ್ತಿನಲ್ಲಿ ಯಾವ ಬಿಗಿಯೂ ಇಲ್ಲ. ಬೇಲಿಯ ಕಂಬ ನೋಡಿದ ಹಾಗೆ ನೋಡಿ ಹೋಗುತ್ತಾಳೆ.

ಒಂದು ದಿನ ತಡೆಯಲಾರದೆ ಕೂಗಿದೆ. “ಅದಕ್ಕೆ ಹಲ್ಲು ಸವೆದಿದೆ, ಹುಲ್ಲು ಕತ್ತರಿಸಿ ಹಾಕ್ಬೇಕು.”

ಅವಳು ನಿಂತಳು. “ನೋಡ್ಕೋತೀನಿ ಬಿಡಿ” ಎಂದಳು. ಬಿಡಿ ಎಂದಳು. ದಾರಿ ಕೇಳಿದವರಿಗೆ ಹೇಳುವಷ್ಟೇ ಸಮಾಧಾನವಾಗಿ ಹೇಳಿ ಹೋದಳು. ಬೈದಿದ್ದರೆ ನಾನು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ಮೊನ್ನೆ ಈ ವರ್ಷದ ಫಾರಂ ಬಂತು. ಊಟದ ಮೇಜಿನ ಮೇಲೆ ಹರಡಿಕೊಂಡು ಬರೆಯುತ್ತ ಹೋದೆ. ಹಸುಗಳೆಷ್ಟು, ಭೂಮಿಯೆಷ್ಟು, ಮೇವು ಎಲ್ಲಿಯದು. ಹದಿನಾಲ್ಕಕ್ಕೆ ಬಂದೆ. ಸಂಘದ ಸದಸ್ಯರಲ್ಲಿ ನಿಮ್ಮ ಸಂಬಂಧಿಕರು ಯಾರಾದರೂ ಇದ್ದಾರೆಯೇ? ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ನಮ್ಮ ಮನೆಯವರು ಎದುರಿನ ಕುರ್ಚಿಯಲ್ಲಿ ಬೂಟಿನ ದಾರ ಬಿಚ್ಚುತ್ತಿದ್ದವರು ಕೈ ನಿಲ್ಲಿಸಿದರು.

‘ಯಾರೂ ಇಲ್ಲ’ ಎಂದು ಬರೆದೆ. ಈ ಸಲ ಒತ್ತಿ ಬರೆಯಲು ಕೈ ಬರಲಿಲ್ಲ. ಒಂಬತ್ತು ವರ್ಷ ಬರೆದದ್ದು ಸುಳ್ಳು, ಈ ವರ್ಷದ್ದು ನಿಜ.